ಕೊಂದ ಆಯುಧವನ್ನೇ ಹಿಡಿದು ನಿಂತವರು: ರೋಮಿನಿಂದ ರವೆನ್ನಾಕ್ಕೆ

ಸೋಮವಾರ, ರೋಮ್

ಹಳೆಯ ಆಪ್ಪಿಯಾ ರಸ್ತೆಯ ಸಂತ ಕಲಿಸ್ತುಸ್ ಕ್ಯಾಟಕೋಂಬಿಗೆ, ಅಂದರೆ ನೆಲದಡಿಯ ಗೋರಿಗಳ ಸುರಂಗಕ್ಕೆ, ನಮ್ಮಷ್ಟಕ್ಕೆ ನಾವು ಇಳಿಯುವ ಹಾಗಿಲ್ಲ. ಟಿಕೆಟ್ ತೆಗೆದುಕೊಂಡು, ನಮಗೆ ತಿಳಿಯುವ ಭಾಷೆಯ ಗುಂಪಿಗೆ ಕಾದು, ಗೈಡ್ ಹಿಂದೆ ಸಾಲಾಗಿ ಹೋಗಬೇಕು. ಮೇಲೆ ಅಕ್ಟೋಬರ್ ಬಿಸಿಲು ಚುರುಗುಟ್ಟುತ್ತಿತ್ತು. ಮೆಟ್ಟಿಲು ಮುಗಿಯುವಷ್ಟರಲ್ಲಿ ಅಕ್ಕ ಶಾಲು ಹೊದ್ದಾಗಿತ್ತು. ಓಣಿಯ ಎರಡೂ ಗೋಡೆಗಳಲ್ಲಿ ಒಂದರ ಮೇಲೊಂದು ಕೊರೆದ ಗೋರಿಗಳು, ಹೆಚ್ಚಿನವು ಈಗ ಖಾಲಿ. ಇಲ್ಲಿಯ ಕಲ್ಲು ಅಗೆಯುವಾಗ ಮೆತ್ತಗಿರುತ್ತದೆ, ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ. ಊರೊಳಗೆ ಹೆಣ ಹೂಳಬಾರದೆಂದು ರೋಮಿನ ಕಾನೂನಿದ್ದುದರಿಂದ ಹೊರಗಿನ ರಸ್ತೆಗಳ ಬದಿಯಲ್ಲಿ ಇಂಥ ಸುರಂಗಗಳು ಬೆಳೆದವು. ಕ್ರೈಸ್ತರು ಇಲ್ಲಿ ಅಡಗಿ ಸಂಸಾರ ಮಾಡುತ್ತಿದ್ದರು ಎನ್ನುವುದು ಸಿನಿಮಾದವರ ಕಲ್ಪನೆ. ಇದು ಸ್ಮಶಾನ, ಸುಮಾರು ಐದು ಲಕ್ಷ ಜನರದ್ದು.

ನಾನೂ ಅಕ್ಕನೂ ಕಾರ್ಕಳದ ಕಡೆಯವರು. ಜನವರಿಯಲ್ಲಿ ಅತ್ತೂರಿನ ಸಂತ ಲಾರೆನ್ಸರ ಚರ್ಚಿನ ಜಾತ್ರೆಗೆ ಮೊಂಬತ್ತಿ ಹಿಡಿದು ಹೋಗುವುದಕ್ಕೆ ನಮ್ಮ ಮನೆಯಲ್ಲಿ ಜಾತಿ ಮತ ಅಡ್ಡ ಬಂದದ್ದಿಲ್ಲ. ಲಾರೆನ್ಸರು ಬೆಂಕಿಯಲ್ಲಿ ಸುಟ್ಟು ಸತ್ತವರು, ಸೆಬಾಸ್ಟಿಯನ್ನರು ಬಾಣ ತಿಂದವರು ಎಂದು ಚಿಕ್ಕಂದಿನಿಂದ ಗೊತ್ತು. ನಂಬಿಕೆಗಾಗಿ ಸತ್ತ ಇಂಥ ಹುತಾತ್ಮರ ಚಿತ್ರಗಳು ಮೊದಲು ಎಲ್ಲಿ ಹೇಗೆ ಹುಟ್ಟಿದವು ಎಂದು ನೋಡುವ ಆಸೆ ನನ್ನದು. ಅಕ್ಕನಿಗೆ ಇಟಲಿ ನೋಡಿದರಾಯಿತು.

ಗೈಡ್ ಟಾರ್ಚು ಬಿಟ್ಟ ಕಡೆಯೆಲ್ಲ ಕಂಡದ್ದು ಹೆಗಲ ಮೇಲೆ ಕುರಿ ಹೊತ್ತ ಹುಡುಗ, ಮೀನಿನ ಬಾಯಿಂದ ಹೊರಬಿದ್ದ ಬೈಬಲಿನ ಯೋನಾ, ರೊಟ್ಟಿ ಮತ್ತು ಮೀನು, ಎರಡೂ ಕೈ ಮೇಲೆತ್ತಿ ಪ್ರಾರ್ಥಿಸುವ ಹೆಂಗಸು. "ಕೊಂದದ್ದು ಎಲ್ಲಿದೆ ಮಾರಾಯ್ತಿ?" ಎಂದು ಅಕ್ಕ ಪಿಸುಗುಟ್ಟಿದಳು. ಎಲ್ಲೂ ಇಲ್ಲ. ಇದೇ ಸ್ಮಶಾನದಲ್ಲಿ ವಲೇರಿಯನ್ ಚಕ್ರವರ್ತಿಯ ಜನ ಎರಡನೇ ಸಿಕ್ಸ್ತುಸ್ ಪೋಪರನ್ನು ಅವರ ಉಪಯಾಜಕರ ಸಮೇತ ಕೊಂದರು, 258ರ ಆಗಸ್ಟ್ 6ರಂದು. ನಾಲ್ಕು ದಿನ ಬಿಟ್ಟು ಲಾರೆನ್ಸರ ಸರದಿ. ಜನ ಕಣ್ಣಾರೆ ಸಾವು ಕಂಡ ಕಾಲ ಅದು. ಆದರೂ ಗೋಡೆಯ ಮೇಲೆ ಒಂದು ಹನಿ ರಕ್ತ ಬಿಡಿಸಿಲ್ಲ. ಕ್ರೈಸ್ತರ ಮೇಲಿನ ಹಿಂಸೆ ನಿಂತು, 366ರಿಂದ 384ರವರೆಗೆ ಪೋಪ್ ಆಗಿದ್ದ ದಮಾಸುಸ್ ಹುತಾತ್ಮರ ಗೋರಿಗಳನ್ನು ಹುಡುಕಿ ಹುಡುಕಿ ಅಂದ ಮಾಡಿಸಿದಾಗಲೂ ಅಲ್ಲಿ ಹಾಕಿಸಿದ್ದು ಪದ್ಯ, ಚೆಂದದ ಅಕ್ಷರದಲ್ಲಿ ಕೆತ್ತಿದ ಲ್ಯಾಟಿನ್ ಪದ್ಯ.

ಮಧ್ಯಾಹ್ನ ಅದೇ ರಸ್ತೆಯಲ್ಲಿ ನಡೆದು ಸಂತ ಸೆಬಾಸ್ಟಿಯನ್ನರ ಚರ್ಚಿಗೆ ಹೋದೆವು. ಒಳಗೆ ಎಡಗಡೆ ಜುಸೆಪ್ಪೆ ಜೋರ್ಜೆತ್ತಿ 1670ರ ದಶಕದ ಸುಮಾರಿಗೆ ಕೆತ್ತಿದ ಅಮೃತಶಿಲೆಯ ಸೆಬಾಸ್ಟಿಯನ್ ಅಂಗಾತ ಮಲಗಿದ್ದಾರೆ. ಮೈಗೆ ಚುಚ್ಚಿದ ಬಾಣಗಳು ಮಾತ್ರ ಚಿನ್ನದ ಬಣ್ಣದ ಲೋಹದವು. ಕಥೆ ಗೊತ್ತಿದ್ದವರಿಗೆ ಒಂದು ತಕರಾರು ಇಲ್ಲಿ ಏಳುತ್ತದೆ: ಅವರು ಬಾಣದಿಂದ ಸತ್ತವರಲ್ಲ. ಐರೀನ್ ಎಂಬ ವಿಧವೆ ಆರೈಕೆ ಮಾಡಿ ಬದುಕಿಸಿದಳು, ಎದ್ದು ಹೋಗಿ ಚಕ್ರವರ್ತಿ ಡಯೊಕ್ಲೀಷಿಯನ್ನನ ಎದುರೇ ನಿಂತು ಬೈದರು, ಆಮೇಲೆ ದೊಣ್ಣೆಯಿಂದ ಹೊಡೆದು ಕೊಂದು ಹೆಣವನ್ನು ಚರಂಡಿಗೆ ಎಸೆದರು. ದೊಣ್ಣೆ ಹಿಡಿದ ಸೆಬಾಸ್ಟಿಯನ್ನರನ್ನು ಯಾವ ಚರ್ಚಿನಲ್ಲೂ ನಾನು ಕಂಡಿಲ್ಲ.

ಮಂಗಳವಾರ, ರೋಮ್

ಬೆಳಿಗ್ಗೆ ಟೈಬರ್ ದಾಟಿ ತ್ರಸ್ತೇವೆರೆ ಕೇರಿಗೆ. ಸಂತ ಸಿಸಿಲಿಯಾ ಚರ್ಚಿನ ಅಂಗಳದಲ್ಲಿ ಒಂದು ಕಾರಂಜಿ, ಸುತ್ತ ಗುಲಾಬಿ ಗಿಡ. ಒಳಗೆ ಬಲಿಪೀಠದ ಕೆಳಗೆ, ಕರಿಕಲ್ಲಿನ ಗೂಡಿನಲ್ಲಿ, ಸ್ತೆಫಾನೊ ಮದೆರ್ನೊ 1600ರಲ್ಲಿ ಕೆತ್ತಿದ ಬಿಳಿ ಸಿಸಿಲಿಯಾ.

ಸಂಪ್ರದಾಯ ಹೇಳುವ ಕಥೆ ಹೀಗಿದೆ. ಶ್ರೀಮಂತರ ಮನೆಯ ಮಗಳು. ಅವಳದೇ ಮನೆಯ ಬಚ್ಚಲಿನಲ್ಲಿ ಉಗಿ ತುಂಬಿಸಿ ಉಸಿರುಗಟ್ಟಿಸಿ ಕೊಲ್ಲಲು ನೋಡಿದರು, ಆಗಲಿಲ್ಲ. ಕೊಲೆಗಾರ ಕುತ್ತಿಗೆಗೆ ಮೂರು ಏಟು ಹಾಕಿದ, ತಲೆ ಬೇರೆಯಾಗಲಿಲ್ಲ. ಮೂರು ದಿನ ಹಾಗೇ ಜೀವ ಹಿಡಿದುಕೊಂಡಿದ್ದಳು. 821ರ ಸುಮಾರಿಗೆ ಮೊದಲನೇ ಪಾಸ್ಕಲ್ ಪೋಪರು ಅವಳ ಅವಶೇಷವನ್ನು ಕ್ಯಾಟಕೋಂಬಿನಿಂದ ಇಲ್ಲಿಗೆ ತಂದರು. 1599ರಲ್ಲಿ ಕಾರ್ಡಿನಲ್ ಸ್ಫೊಂದ್ರಾತಿ ಪೆಟ್ಟಿಗೆ ತೆರೆಸಿದಾಗ ದೇಹ ಕೊಳೆತಿರಲಿಲ್ಲವಂತೆ. ನೆಲದ ಮೇಲೆ ಮದೆರ್ನೊನ ಪ್ರಮಾಣವಿದೆ: ಗೋರಿಯಲ್ಲಿ ನಾನು ಕಣ್ಣಾರೆ ಕಂಡಂತೆಯೇ, ಅದೇ ಭಂಗಿಯಲ್ಲಿ ಇವಳನ್ನು ಕಲ್ಲಿಗೆ ಇಳಿಸಿದ್ದೇನೆ ಎಂಬ ಅರ್ಥದ್ದು. ಶಿಲ್ಪಿಗೆ ಆಗ ವಯಸ್ಸು ಇಪ್ಪತ್ತೈದರ ಆಸುಪಾಸು. ದೇಹ ಕೊಳೆತಿರಲಿಲ್ಲ ಎನ್ನುವುದನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಕಲ್ಲನ್ನಂತೂ ನಂಬಲೇಬೇಕು.

ಕಂಬಿಗೆ ಹಣೆ ತಾಗಿಸಿ ನೋಡಿದೆ. ಬಲ ಮಗ್ಗುಲಿಗೆ ಒರಗಿದ್ದಾಳೆ, ಮೊಣಕಾಲು ಸ್ವಲ್ಪ ಮಡಚಿದೆ. ತಲೆಗೆ ಬಟ್ಟೆ ಸುತ್ತಿ ಮುಖವನ್ನು ಆಚೆಗೆ, ನೆಲದ ಕಡೆಗೆ ತಿರುಗಿಸಲಾಗಿದೆ. ಹುತಾತ್ಮಳೊಬ್ಬಳ ವಿಗ್ರಹ ಮಾಡಿ ಮುಖವನ್ನೇ ತೋರಿಸದ ಧೈರ್ಯ ಎಷ್ಟು ಜನರಿಗಿದ್ದೀತು? ಕಾಣುವುದು ಬರಿಯ ಕತ್ತು. ಅಲ್ಲಿ ತೆಳ್ಳಗೆ ಒಂದು ಗೆರೆ ಎಳೆದಂಥ ಗಾಯ. ಬಲಗೈಯ ಮೂರು ಬೆರಳು, ಎಡಗೈಯ ಒಂದು ಬೆರಳು ಚಾಚಿವೆ. ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿತ್ವ ಮತ್ತು ಒಬ್ಬನೇ ದೇವರು ಎಂದು ಸಾಯುವಾಗಲೂ ಸಾರಿದಳು ಎಂಬುದು ಅದರ ಸೂಚನೆ. ಅಕ್ಕ ಬಹಳ ಹೊತ್ತು ನಿಂತಿದ್ದಳು. "ಇದಕ್ಕೆ ಮೊಂಬತ್ತಿ ಹಚ್ಚಬಾರದಪ್ಪ, ಹೊದಿಕೆ ಹೊದೆಸಬೇಕು" ಎಂದಳು.

ಮೇಲೆ ಬಲಿಪೀಠದ ಹಿಂದಿನ ಅರ್ಧಗೋಲದಲ್ಲಿ ಬಣ್ಣದ ಚೂರುಗಳನ್ನು ಜೋಡಿಸಿ ಮಾಡಿದ ಒಂಬತ್ತನೇ ಶತಮಾನದ ಮೊಸಾಯಿಕ್. ಇಲ್ಲಿಯೂ ಸಿಸಿಲಿಯಾ ಇದ್ದಾಳೆ, ಆದರೆ ಕತ್ತು ನೆಟ್ಟಗಿದೆ, ಮೈತುಂಬ ಚಿನ್ನ. ಪಕ್ಕದ ಪಾಸ್ಕಲ್ ಪೋಪರ ಹೆಗಲ ಮೇಲೆ ಕೈ ಹಾಕಿಕೊಂಡು ಅವರನ್ನು ಕ್ರಿಸ್ತನ ಬಳಿಗೆ ಕರೆತಂದಿದ್ದಾಳೆ. ಪೋಪರ ತಲೆಯ ಹಿಂದಿನ ಪ್ರಭಾವಳಿ ಚೌಕ. ಅಂದರೆ ಮೊಸಾಯಿಕ್ ಕೂರಿಸುವಾಗ ಅವರಿನ್ನೂ ಬದುಕಿದ್ದರು. ಒಂದೇ ಚರ್ಚು, ಒಬ್ಬಳೇ ಸಿಸಿಲಿಯಾ, ನಡುವೆ ಎಂಟುನೂರು ವರ್ಷ.

ಸಂಜೆ ಸಂತ ಲುಯಿಜಿ ಚರ್ಚಿನಲ್ಲಿ ಕರವಾಜ್ಜೊನ 'ಸಂತ ಮತ್ತಾಯನ ಹುತಾತ್ಮತೆ'. ಮದೆರ್ನೊನ ಸಿಸಿಲಿಯಾ ಆದ 1600ರಲ್ಲೇ ಇದೂ ಮುಗಿದದ್ದು, ನಡೆದರೆ ಅರ್ಧ ಗಂಟೆಯ ದೂರದಲ್ಲಿ. ಆದರೆ ಇಲ್ಲಿ ಗದ್ದಲವೋ ಗದ್ದಲ. ಅರೆಬೆತ್ತಲೆ ಕೊಲೆಗಾರ ನಡುವಿನಲ್ಲಿ ನಿಂತು ಬಿದ್ದ ಮುದುಕನ ಮಣಿಕಟ್ಟು ಹಿಡಿದಿದ್ದಾನೆ. ಒಬ್ಬ ಹುಡುಗ ಕಿರುಚುತ್ತ ಓಡುತ್ತಿದ್ದಾನೆ. ದೇವದೂತನೊಬ್ಬ ಮೋಡದಿಂದ ಬೀಳುವಷ್ಟು ಬಗ್ಗಿ ಖರ್ಜೂರದ ಗರಿ ಚಾಚಿದ್ದಾನೆ. ಗೆಲುವಿನ ಆ ಗರಿ ಹುತಾತ್ಮರೆಲ್ಲರ ಸಾಮಾನ್ಯ ಗುರುತು. ಹಿಂದಿನ ಕತ್ತಲಲ್ಲಿ ಹೊರಟುಹೋಗುತ್ತಾ ತಿರುಗಿ ನೋಡುವ ಗಡ್ಡದ ಮುಖ ಚಿತ್ರಕಾರನದೇ. ತಡೆಯಲಿಲ್ಲ, ನಿಲ್ಲಲೂ ಇಲ್ಲ. ದುಡ್ಡು ಹಾಕಿದರೆ ಹತ್ತುವ ದೀಪ ಆರಿದಾಗೆಲ್ಲ ಗುಂಪಿನಲ್ಲಿ ಯಾರಾದರೊಬ್ಬರು ನಾಣ್ಯ ಹುಡುಕುತ್ತಿದ್ದರು.

ಬುಧವಾರ, ರೋಮ್

ಚೇಲಿಯೊ ಗುಡ್ಡಕ್ಕೆ ಒಂದಿಡೀ ದಿನ ಕೊಟ್ಟದ್ದು ಸಾರ್ಥಕವಾಯಿತು.

ಮೊದಲು ಸಂತ ಯೊವಾನ್ನ ಮತ್ತು ಪೌಲರ ಚರ್ಚಿನ ಅಡಿಯ ರೋಮನ್ ಮನೆಗಳು. ಇವರು ಬೈಬಲಿನ ಅಪೊಸ್ತಲರಲ್ಲ, ಅದೇ ಹೆಸರಿನ ಬೇರೆ ಇಬ್ಬರು. ಕೋಣೆಯಿಂದ ಕೋಣೆಗೆ ಹೋಗಿ ಇಕ್ಕಟ್ಟಾದ ಮೆಟ್ಟಿಲು ಹತ್ತಿದರೆ ಒಂದು ಪುಟ್ಟ ಗೂಡು, ನಾಲ್ಕನೇ ಶತಮಾನದ ಕೊನೆಯ ಹೊತ್ತಿನದು. ಅದರ ಗೋಡೆಯ ಮೇಲೆ ಮೂವರು ಮಂಡಿಯೂರಿದ್ದಾರೆ. ಕಣ್ಣಿಗೆ ಬಟ್ಟೆ ಕಟ್ಟಿದೆ, ಕೈ ಹಿಂದಕ್ಕೆ ಕಟ್ಟಿದೆ. ತಲೆ ಕಡಿಯುವವರು ಹಿಂದೆ ನಿಂತಿದ್ದಾರೆ. ಹುತಾತ್ಮರ ಸಾವನ್ನು ತೋರಿಸುವ ಅತ್ಯಂತ ಹಳೆಯ ಚಿತ್ರಗಳಲ್ಲಿ ಇದೊಂದು. ಕತ್ತಿ ಇನ್ನೂ ಬಿದ್ದಿಲ್ಲ. ಚಿತ್ರಕಾರ ಬೇಕೆಂದೇ ಒಂದು ಕ್ಷಣ ಮೊದಲು ಕುಂಚ ನಿಲ್ಲಿಸಿದ್ದಾನೆ ಅನ್ನಿಸಿತು.

ಅಲ್ಲಿಂದ ಹತ್ತು ನಿಮಿಷ ನಡೆದರೆ ಸಂತ ಸ್ತೆಫಾನೊ ರೊತೊಂದೊ. ಐದನೇ ಶತಮಾನದ ದುಂಡು ಚರ್ಚು; ನಡುವೆ ಎತ್ತರದ ಕಂಬಗಳ ವೃತ್ತ, ಸುತ್ತ ಪ್ರದಕ್ಷಿಣಾಪಥ. ಬೆಳಕು ಚೆನ್ನಾಗಿದೆ. ಬೆಳಕು ಇಷ್ಟು ಚೆನ್ನಾಗಿರಬಾರದಿತ್ತು ಅನ್ನಿಸುವುದು ಗೋಡೆ ನೋಡಿದ ಮೇಲೆ. 1580ರ ದಶಕದಲ್ಲಿ ನಿಕೊಲೊ ಚಿರ್ಚಿನ್ಯಾನಿ, ಅಡ್ಡಹೆಸರು ಪೊಮರಾಂಚೊ, ಸಂಗಡಿಗರನ್ನು ಕಟ್ಟಿಕೊಂಡು ಮೂವತ್ತಕ್ಕೂ ಹೆಚ್ಚು ಫ್ರೆಸ್ಕೊಗಳಲ್ಲಿ, ಅಂದರೆ ಗಾರೆಯ ಮೇಲಿನ ಚಿತ್ರಗಳಲ್ಲಿ, ಸುತ್ತಲೂ ಬರೀ ಕೊಲೆ ಬಿಡಿಸಿದ್ದಾನೆ. ಕಲ್ಲು ಹೊಡೆಯುವುದು, ಕುದಿಯುವ ಕಡಾಯಿ, ಸಿಂಹದ ಬಾಯಿ, ಚಪ್ಪಡಿಯ ಕೆಳಗೆ ಜಜ್ಜಿದ ದೇಹ, ಮೊಲೆ ಕತ್ತರಿಸಿಕೊಂಡ ಅಗಾಥಾ. ಪ್ರತಿ ಚಿತ್ರದಲ್ಲೂ ಒಂದೊಂದು ಹಿಂಸೆಯ ಪಕ್ಕ ಎ, ಬಿ, ಸಿ ಅಂತ ಅಕ್ಷರ. ಕೆಳಗೆ ಆ ಅಕ್ಷರಕ್ಕೆ ಯಾರು, ಹೇಗೆ ಎಂದು ಲ್ಯಾಟಿನ್ನಿನಲ್ಲಿಯೂ ಇಟಾಲಿಯನ್ನಿನಲ್ಲಿಯೂ ವಿವರಣೆ, ಯಾವ ಚಕ್ರವರ್ತಿಯ ಕಾಲ ಎನ್ನುವುದೂ ಸೇರಿ. ಇಷ್ಟೆಲ್ಲ ಆಗುತ್ತಿದ್ದರೂ ಸಾಯುವವರ ಮುಖದಲ್ಲಿ ನೋವಿನ ಸುಳಿವಿಲ್ಲ. ಕೊಲ್ಲುವವರೂ ಕಚೇರಿಗೆ ಬಂದವರಂತೆ ತಣ್ಣಗೆ ಕೆಲಸ ಮಾಡುತ್ತಿದ್ದಾರೆ. ಅಕ್ಕ ನಾಲ್ಕೈದು ಚಿತ್ರ ದಾಟಿ, "ನೀನು ಸುತ್ತು ಹಾಕಿ ಬಾ, ನಾನು ಇಲ್ಲೇ ಕೂರುತ್ತೇನೆ" ಎಂದು ಬೆಂಚು ಹಿಡಿದಳು.

ಇದನ್ನು ಮಾಡಿಸಿದವರು ಯಾರು ಎಂದು ತಿಳಿದರೆ ಅರ್ಥವಾಗುತ್ತದೆ. ಚರ್ಚು ಆಗ ಜೆಸ್ವಿಟರೆಂಬ ಕ್ಯಾಥೊಲಿಕ್ ಪಾದ್ರಿ ಸಂಘದವರ ಜರ್ಮನ್-ಹಂಗೇರಿಯನ್ ಕಾಲೇಜಿನ ವಶದಲ್ಲಿತ್ತು. ಅಲ್ಲಿ ಓದಿದ ಹುಡುಗರು ಪಾದ್ರಿಗಳಾಗಿ ವಾಪಸ್ಸು ಹೋಗಬೇಕಾದದ್ದು ಪೋಪರನ್ನು ಒಪ್ಪದ ಪ್ರೊಟೆಸ್ಟೆಂಟ್ ಸೀಮೆಗಳಿಗೆ. ರೋಮಿನಲ್ಲಿಯ ಇಂಗ್ಲಿಷ್ ಕಾಲೇಜಿಗೂ ಇದೇ ಚಿರ್ಚಿನ್ಯಾನಿ ಹುತಾತ್ಮರ ಚಿತ್ರ ಬರೆದುಕೊಟ್ಟ. ಅಲ್ಲಿಂದ ಹೋದವರಂತೂ ಲಂಡನ್ನಿನಲ್ಲಿ ನಿಜವಾಗಿಯೂ ನೇಣಿಗೆ ಏರುತ್ತಿದ್ದ ಕಾಲವದು. ಅಂದರೆ ಈ ಗೋಡೆಗಳು ಭಕ್ತರನ್ನು ಅಳಿಸುವುದಕ್ಕೆ ಬರೆದವಲ್ಲ, ಇಪ್ಪತ್ತರ ಹುಡುಗರನ್ನು ತಯಾರು ಮಾಡಲು ಬರೆದವು. ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಬಂದು ತನ್ನ ಪಾಲಿಗೆ ಎ ಬರುತ್ತದೋ ಬಿ ಬರುತ್ತದೋ ಎಂದು ಯೋಚಿಸುವ ಹುಡುಗನನ್ನು ಊಹಿಸಿಕೊಂಡರೆ, ಕೊಳೆತ ರುಚಿ ಎಂದು ಈ ಚಿತ್ರಗಳನ್ನು ಬೈಯುವುದಕ್ಕೆ ನನಗಂತೂ ನಾಲಿಗೆ ಏಳಲಿಲ್ಲ. ಚಿತ್ರವಾಗಿ ಇಷ್ಟವಾದವು ಎಂದೂ ಹೇಳಲಾರೆ.

ಹೊರಡುವ ಮೊದಲು ಪಕ್ಕದ ಒಂದು ಚಾಪೆಲ್ ಕಡೆ ಅಕ್ಕನೇ ಕರೆದಳು. ಪ್ರಿಮುಸ್ ಮತ್ತು ಫೆಲಿಚಿಯಾನುಸ್ ಎಂಬಿಬ್ಬರ ಅವಶೇಷಗಳನ್ನು ಥಿಯೊಡೊರ್ ಪೋಪರು ಏಳನೇ ಶತಮಾನದ ನಡುವಿನಲ್ಲಿ ಊರ ಹೊರಗಿನಿಂದ ಇಲ್ಲಿಗೆ ತಂದು ಇಟ್ಟರು. ಅರ್ಧಗೋಲದ ಮೊಸಾಯಿಕ್ ಆಗಿನದೇ: ಚಿನ್ನದ ಹಿನ್ನೆಲೆ, ನಡುವೆ ರತ್ನ ಕೂರಿಸಿದ ಶಿಲುಬೆ, ಅದರ ಮೇಲೆ ದುಂಡನೆಯ ಚೌಕಟ್ಟಿನಲ್ಲಿ ಕ್ರಿಸ್ತ, ಎರಡೂ ಬದಿಗೆ ಇಬ್ಬರು ನೆಟ್ಟಗೆ ನಿಂತಿದ್ದಾರೆ. ಇಬ್ಬರ ತಲೆಯನ್ನೂ ಕಡಿದಿದ್ದರು ಎಂಬುದಕ್ಕೆ ಒಂದು ಗೀರೂ ಇಲ್ಲ. "ಇವರನ್ನು ನೋಡಿಕೊಂಡು ಪ್ರಾರ್ಥನೆ ಮಾಡಬಹುದು" ಎಂದಳು ಅಕ್ಕ. ಜೆಸ್ವಿಟ್ ಹುಡುಗರಿಗೂ ಈ ಚಾಪೆಲ್ ಅಲ್ಲೇ ಇತ್ತಲ್ಲ, ಅವರು ಯಾವುದರ ಎದುರು ಹೆಚ್ಚು ಕೂರುತ್ತಿದ್ದರೋ.

ಗುರುವಾರ, ರೋಮ್

ಮೆಟ್ರೊ ಹತ್ತಿ ಊರಾಚೆಯ ಸಂತ ಆಗ್ನೆಸ್ ಚರ್ಚಿಗೆ. ನೊಮೆಂತಾನಾ ರಸ್ತೆಯಿಂದ ಒಳಹೊಕ್ಕರೆ ಉದ್ದಕ್ಕೆ ಮೆಟ್ಟಿಲಿಳಿಯಬೇಕು. ಗೋಡೆಯ ತುಂಬ ಹಳೆಯ ಗೋರಿಗಳ ಬರಹದ ಚೂರುಗಳು. ಅಕ್ಕನ ಮಂಡಿ ನೋವು ಶುರುವಾಗಿದ್ದರಿಂದ ಒಂದೊಂದು ಚೂರನ್ನೂ ಓದುವಷ್ಟು ನಿಧಾನವಾಗಿ ಇಳಿದೆವು.

ಆಗ್ನೆಸ್ ಸಾಯುವಾಗ ಹನ್ನೆರಡೋ ಹದಿಮೂರೋ ವಯಸ್ಸು. 625ರಿಂದ 638ರವರೆಗೆ ಪೋಪ್ ಆಗಿದ್ದ ಮೊದಲನೇ ಹೊನೊರಿಯುಸ್ ಮಾಡಿಸಿದ ಮೊಸಾಯಿಕ್ಕಿನಲ್ಲಿ ಅವಳು ಮಗುವಲ್ಲ, ಕಾನ್‌ಸ್ಟಾಂಟಿನೋಪಲಿನ ರಾಣಿ. ನೇರಳೆ ಬಟ್ಟೆ, ಕುತ್ತಿಗೆಯಿಂದ ಎದೆಯವರೆಗೆ ಹರಳು, ತಲೆಯ ಮೇಲೆ ಕಿರೀಟ. ಇಡೀ ಅರ್ಧಗೋಲದಲ್ಲಿ ಇರುವುದು ಮೂರೇ ಜನ: ಅವಳು, ಆಚೀಚೆ ಇಬ್ಬರು ಪೋಪರು. ಉಳಿದದ್ದೆಲ್ಲ ಖಾಲಿ ಚಿನ್ನ. ಅವಳ ಪಾದದ ಬಳಿ ನೋಡಿ. ಎರಡೂ ಪಕ್ಕ ಸಣ್ಣಗೆ ಉರಿಯುವ ಬೆಂಕಿ, ಕೆಳಗೆ ಒಂದು ಕತ್ತಿ. ಅಕ್ಕ ಅದನ್ನು ಕಂಡವಳೇ, "ನಮ್ಮಲ್ಲಿ ಕೈಯ ಆಯುಧ ನೋಡಿ ಯಾವ ದೇವರೆಂದು ಹೇಳುತ್ತೇವೆ. ಚಕ್ರ ಇದ್ದರೆ ವಿಷ್ಣು, ತ್ರಿಶೂಲ ಇದ್ದರೆ ಶಿವ. ಇಲ್ಲಿಯವರು ತಮ್ಮನ್ನು ಕೊಂದ ಆಯುಧವನ್ನೇ ಇಟ್ಟುಕೊಂಡಿದ್ದಾರಲ್ಲ!" ಎಂದಳು. ನಾಲ್ಕು ದಿನ ನಾನು ಗೀಚಿಕೊಂಡ ಟಿಪ್ಪಣಿಗಳೆಲ್ಲ ಆ ಒಂದು ಮಾತಿನಲ್ಲಿ ಬಂದುಬಿಟ್ಟವು. ಮುಂದಿನ ಶತಮಾನಗಳಲ್ಲಿ ಇದೇ ಪದ್ಧತಿ ಬೆಳೆದು ಲಾರೆನ್ಸರಿಗೆ ಕಬ್ಬಿಣದ ಸರಳಿನ ಜಾಲರಿ, ಅಲೆಕ್ಸಾಂಡ್ರಿಯಾದ ಕ್ಯಾಥರೀನಳಿಗೆ ಮೊಳೆಯ ಚಕ್ರ, ಅಪೊಲೋನಿಯಾಳಿಗೆ ಹಲ್ಲು ಕಿತ್ತ ಇಕ್ಕುಳ ಬಂದವು. ಹಲ್ಲು ನೋವಿನವರು ಈಗಲೂ ಅಪೊಲೋನಿಯಾಗೆ ಹರಕೆ ಹೇಳುತ್ತಾರೆ.

ಆಗ್ನೆಸಳ ಹಬ್ಬ ಜನವರಿ 21ಕ್ಕೆ. ಅಂದು ಕುರಿಮರಿಗಳನ್ನು ಆಶೀರ್ವದಿಸುವ ವಾಡಿಕೆ ಇದೆ. ಅವುಗಳ ಉಣ್ಣೆಯಿಂದ ಆರ್ಚ್‌ಬಿಷಪ್ಪರ ಹೆಗಲ ಪಟ್ಟಿ ನೇಯುವವರು ಮೊನ್ನೆ ನೋಡಿದ ಸಿಸಿಲಿಯಾ ಚರ್ಚಿನ ಸನ್ಯಾಸಿನಿಯರು.

ಸಂಜೆ ಸಂಕೋಲೆಯ ಸಂತ ಪೇತ್ರರ ಚರ್ಚು. ಎಲ್ಲರೂ ಮೈಕೆಲಾಂಜೆಲೊ ಕೆತ್ತಿದ ಮೋಶೆಯ ವಿಗ್ರಹದ ಎದುರು ಮುತ್ತಿಕೊಂಡಿದ್ದರು. ನಮಗೆ ಬೇಕಿದ್ದದ್ದು ಎಡಗಡೆಯ ಒಂದು ಸಣ್ಣ ಮೊಸಾಯಿಕ್, ಅಲ್ಲಿ ನಾವಿಬ್ಬರೇ. ಏಳನೇ ಶತಮಾನದ ಕೊನೆಯ ಭಾಗದ ಸೆಬಾಸ್ಟಿಯನ್ ಇವರು. ಬಿಳಿ ಗಡ್ಡ, ಅರಮನೆಯ ಅಧಿಕಾರಿಯ ಉಡುಪು, ಕೈಯಲ್ಲಿ ಕಿರೀಟ. ಬಾಣವಿಲ್ಲ, ಬರಿಮೈಯಿಲ್ಲ. 680ರ ಪ್ಲೇಗಿನ ಕಾಲಕ್ಕೆ ಇದನ್ನು ಜೋಡಿಸುತ್ತಾರೆ. ಆಗ ಪಾವಿಯಾ ಪಟ್ಟಣದಲ್ಲಿ ಸೆಬಾಸ್ಟಿಯನ್ನರಿಗೆ ಪೀಠ ಕಟ್ಟಿದ ಮೇಲೆ ಪಿಡುಗು ನಿಂತಿತೆಂದು ಹಳೆಯ ಚರಿತ್ರೆಕಾರರು ಬರೆದಿದ್ದಾರೆ. ರೋಗವೆಂದರೆ ಆಕಾಶದಿಂದ ಬೀಳುವ ಬಾಣ ಎಂಬ ನಂಬಿಕೆ ಗ್ರೀಕರ ಕಾಲದ್ದು. ಬಾಣಕ್ಕೆ ಸಾಯದವನು ಪ್ಲೇಗಿಗೆ ಕಾವಲು. ದೊಣ್ಣೆ ಯಾಕೆ ಚಿತ್ರದಿಂದ ಬಿದ್ದುಹೋಯಿತು ಎನ್ನುವುದಕ್ಕೆ ನನಗೆ ಸಿಕ್ಕ ಉತ್ತರ ಇದು. ಮತ್ತೆ ಏಳೆಂಟು ನೂರು ವರ್ಷ ಕಳೆಯುವಷ್ಟರಲ್ಲಿ ಮುದುಕ ಹರೆಯದ ಹುಡುಗನಾದ. ಬರಿಮೈಯ ಅಂಗಸೌಷ್ಠವ ಬರೆಯಲು ಚಿತ್ರಕಾರರಿಗೆ ಚರ್ಚಿನೊಳಗೆ ಸಿಕ್ಕ ಅನುಮತಿ ಅವನು.

ಶುಕ್ರವಾರ, ಬೊಲೊನ್ಯಾ

ರೈಲು ಬದಲಿಸುವ ನಡುವೆ ಸಿಕ್ಕ ಹೊತ್ತಿನಲ್ಲಿ ಪಿನಕೊತೇಕಾ ಗ್ಯಾಲರಿಗೆ ಓಡಿ ಚಿತ್ರಕಾರ ರಾಫೆಲ್ಲನ ಸಿಸಿಲಿಯಾ ನೋಡಿದೆವು. ಇಲ್ಲಿ ಗಾಯ ಇಲ್ಲ, ಸಂಗೀತ ಇದೆ. ಕೈಯಲ್ಲಿ ತಲೆಕೆಳಗಾಗಿ ಹಿಡಿದ ಪುಟ್ಟ ಆರ್ಗನ್, ಅದರ ಕೊಳವೆಗಳು ಜಾರಿ ಬೀಳುತ್ತಿವೆ. ನೆಲದ ಮೇಲೆ ಮುರಿದ ವಾದ್ಯಗಳು. ಅವಳು ಮೇಲೆ ಹಾಡುವ ದೇವದೂತರ ಕಡೆ ಕಿವಿ ಕೊಟ್ಟಿದ್ದಾಳೆ. ಚೆಂದವೇ. ಆದರೆ ಮದೆರ್ನೊನ ಆ ಕತ್ತು ನೋಡಿ ಬಂದ ಕಣ್ಣಿಗೆ ಇದು ತುಸು ಸಪ್ಪೆ. ರವೆನ್ನಾ ತಲುಪಿದಾಗ ಕತ್ತಲಾಗಿತ್ತು, ಮಳೆಯೂ ಹಿಡಿದಿತ್ತು.

ಶನಿವಾರ, ರವೆನ್ನಾ

ರೋಮನ್ ರಾಣಿ ಗಾಲ್ಲಾ ಪ್ಲಾಚಿದಿಯಾಳ ಹೆಸರಿನ ಸಮಾಧಿ ಹೊರಗಿನಿಂದ ಇಟ್ಟಿಗೆಯ ಗೋದಾಮು. ಒಳಗೆ ನಿಲ್ಲಲು ಕೊಡುವುದೇ ಕೆಲವು ನಿಮಿಷ, ಅದರಲ್ಲಿ ಅರ್ಧ ಕಣ್ಣು ಹೊಂದಿಕೊಳ್ಳಲು ಹೋಗುತ್ತದೆ. ಕಿಟಕಿಗೆ ಗಾಜಿನ ಬದಲು ತೆಳುವಾಗಿ ಸೀಳಿದ ಅಲಬಾಸ್ಟರ್ ಕಲ್ಲು, ಜೇನುಬಣ್ಣದ ಬೆಳಕು. ಮೇಲೆ ಕಡುನೀಲಿಯಲ್ಲಿ ಚಿನ್ನದ ನಕ್ಷತ್ರ. ಬಾಗಿಲಿನ ಎದುರು ಗೋಡೆಯ ಕಮಾನಿನಲ್ಲಿ ನಮ್ಮ ಅತ್ತೂರಿನವರು ಸಿಕ್ಕಿದರು.

ನಡುವೆ ಸರಳಿನ ಜಾಲರಿ, ಕೆಳಗೆ ಕೆಂಪು ಜ್ವಾಲೆ. ಎಡಗಡೆ ಬಾಗಿಲು ತೆರೆದ ಕಪಾಟು, ಅದರಲ್ಲಿ ನಾಲ್ಕು ಪುಸ್ತಕ, ಒಂದೊಂದರ ಮೇಲೂ ಸುವಾರ್ತೆ ಬರೆದವರ ಹೆಸರು. ಬಲಗಡೆಯಿಂದ ಸಂತರು ಹೆಗಲ ಮೇಲೆ ಶಿಲುಬೆ, ಕೈಯಲ್ಲಿ ತೆರೆದ ಪುಸ್ತಕ ಹಿಡಿದು ಬರುತ್ತಿದ್ದಾರೆ. ಬರುವುದೇನು, ಬಟ್ಟೆ ಹಾರುವಷ್ಟು ಬೀಸು ನಡಿಗೆ, ಬೆಂಕಿಯ ಕಡೆಗೆ. ಯಾರೂ ಎಳೆದುಕೊಂಡು ಹೋಗುತ್ತಿಲ್ಲ. ಇದು ಲಾರೆನ್ಸ್ ಅಲ್ಲ, ಸ್ಪೇನಿನ ವಿನ್ಸೆಂಟ್ ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಆ ವಾದವನ್ನು ಅಕ್ಕನಿಗೆ ಹೇಳಿದೆ. "ಅವರು ಏನು ಬೇಕಾದರೂ ಹೇಳಲಿ, ನಾನು ಕೈ ಮುಗಿದಾಯಿತು" ಎಂದಳು. ಚರ್ಚಿನ ಸಂಪತ್ತು ಒಪ್ಪಿಸು ಎಂದಾಗ ಬಡವರನ್ನು ಸಾಲಾಗಿ ನಿಲ್ಲಿಸಿ ಇದೇ ನಮ್ಮ ಸಂಪತ್ತು ಎಂದವರು ಲಾರೆನ್ಸ್. ಈ ಕಡೆ ಬೆಂದಾಯಿತು, ಮಗುಚಿ ಹಾಕಿ ಎಂದರಂತೆ. ನಿಜವಾಗಿ ತಲೆ ಕಡಿದಿರಬೇಕು, ಜಾಲರಿಯ ಕಥೆ ಆಮೇಲಿನದು ಎನ್ನುವವರಿದ್ದಾರೆ. ಐದನೇ ಶತಮಾನದ ಈ ಗೋಡೆಗೆ ಅಂಥ ಅನುಮಾನ ಇಲ್ಲ.

ಮಧ್ಯಾಹ್ನ ಹೊಸ ಸಂತ ಅಪೊಲಿನಾರಿಸ್ ಚರ್ಚು. ಉದ್ದನೆಯ ಎರಡು ಗೋಡೆಗಳ ಮೇಲೆ ಎರಡು ಮೆರವಣಿಗೆ: ಎಡಕ್ಕೆ 22 ಕನ್ಯೆಯರು ಮರಿಯಮ್ಮನ ಕಡೆಗೆ, ಬಲಕ್ಕೆ 26 ಗಂಡಸರು ಕ್ರಿಸ್ತನ ಕಡೆಗೆ. ಪ್ರತಿಯೊಬ್ಬರ ಕೈಯಲ್ಲೂ ಕಿರೀಟ, ತಲೆಯ ಮೇಲೆ ಹೆಸರು, ನಡುವೆ ಖರ್ಜೂರದ ಮರ. ಹೆಸರು ಓದದಿದ್ದರೆ ಯಾರು ಯಾರೆಂದು ಗೊತ್ತಾಗದು. ಕನ್ಯೆಯರಲ್ಲಿ ಆಗ್ನೆಸಳ ಕಾಲ ಬಳಿ ಮಾತ್ರ ಒಂದು ಕುರಿಮರಿ. ಅಗಾಥಾ, ಸಿಸಿಲಿಯಾ, ಲೂಸಿಯಾ ಎಲ್ಲರೂ ಇದ್ದಾರೆ, ಗಾಯವಿಲ್ಲದೆ.

ಪರ್ಪೆತುವಾ ಮತ್ತು ಫೆಲಿಚಿತಾಸ್ ಒಬ್ಬರ ಹಿಂದೊಬ್ಬರು ನಿಂತಿದ್ದಾರೆ. ಈ ಇಬ್ಬರ ಎದುರು ನನಗೆ ಕುರ್ಚಿ ಬೇಕಾಯಿತು. 203ರಲ್ಲಿ ಕಾರ್ತೇಜಿನ ಅಖಾಡದಲ್ಲಿ ಸತ್ತವರು. ಪರ್ಪೆತುವಾ ಇಪ್ಪತ್ತೆರಡರ ಕುಲೀನೆ, ಎದೆಹಾಲಿನ ಮಗುವಿತ್ತು. ಸೆರೆಮನೆಯಲ್ಲಿ ಅವಳೇ ಬರೆದ ದಿನಚರಿ ಉಳಿದು ಬಂದಿದೆ. ಮಗುವಿಗಾಗಿ ಒದ್ದಾಡಿದ್ದು, ಮನಸ್ಸು ಬದಲಿಸು ಎಂದು ಮುದಿ ತಂದೆ ಕಾಲಿಗೆ ಬಿದ್ದದ್ದು, ಕನಸಿನಲ್ಲಿ ಕಂಡ ಕತ್ತಿ ಈಟಿಗಳ ಏಣಿ ಎಲ್ಲ ಅದರಲ್ಲಿವೆ. ಫೆಲಿಚಿತಾಸ್ ಗುಲಾಮಳು, ಜೈಲಿನಲ್ಲೇ ಹೆತ್ತವಳು. ಮೊಸಾಯಿಕ್ಕಿನಲ್ಲಿ ಕುಲೀನೆಗೂ ಗುಲಾಮಳಿಗೂ ಒಂದೇ ಚಿನ್ನದ ಸೆರಗು, ಒಂದೇ ಎತ್ತರ. ರವೆನ್ನಾದ ಏಕತಾನ ಬೇಸರ ತರಿಸುತ್ತದೆ ಎನ್ನುವವರು ಈ ಎರಡು ಹೆಸರಿನ ಕೆಳಗೆ ಸ್ವಲ್ಪ ನಿಲ್ಲಬೇಕು.

ಎದುರು ಗೋಡೆಯ ಸಾಲಿನಲ್ಲಿ ನಾಲ್ಕನೆಯವರು ಲಾರೆನ್ಸ್, ಚಿನ್ನದ ಅಂಗಿ. ಎಲ್ಲರಿಗಿಂತ ಮುಂದೆ ನೇರಳೆ ಹೊದ್ದವರು ತೂರ್ ಪಟ್ಟಣದ ಮಾರ್ಟಿನ್. "ಇವರನ್ನು ಹೇಗೆ ಕೊಂದರು?" ಎಂದು ಅಕ್ಕ ಕೇಳಿದಳು. ಕೊಲ್ಲಲಿಲ್ಲ. 397ರಲ್ಲಿ ವಯಸ್ಸಾಗಿ ಸತ್ತ ಬಿಷಪ್ ಅವರು. ಈ ಚರ್ಚು ಕಟ್ಟಿಸಿದ್ದು ಗೋಥರ ರಾಜ ಥಿಯೊಡೊರಿಕ್. ಅವನು ಆರಿಯನ್ ಪಂಗಡದವನು, ಕ್ರಿಸ್ತ ತಂದೆಗೆ ಸಮನಲ್ಲ ಎನ್ನುವವರ ಪೈಕಿ. ಪೂರ್ವ ರೋಮನ್ ಸಾಮ್ರಾಜ್ಯದವರಾದ ಬೈಜಾಂಟಿಯಂನವರು ಊರು ಗೆದ್ದ ಮೇಲೆ 561ರ ಸುಮಾರಿಗೆ ಬಿಷಪ್ ಆಗ್ನೆಲ್ಲುಸ್ ಚರ್ಚನ್ನು ಶುದ್ಧಿ ಮಾಡಿ, ಆರಿಯನ್ನರ ವಿರುದ್ಧ ಹೋರಾಡಿದ ಮಾರ್ಟಿನ್ನರ ಹೆಸರಿಗೆ ಒಪ್ಪಿಸಿ, ಈ ಮೆರವಣಿಗೆ ಹಾಕಿಸಿದ. ಮೊದಲು ಅಲ್ಲಿದ್ದ ಚಿತ್ರಗಳನ್ನು ಕೆತ್ತಿ ತೆಗೆಸಿದ. ಗಂಡಸರ ಸಾಲು ಹೊರಡುವ ಕಡೆ ಥಿಯೊಡೊರಿಕ್ಕನ ಅರಮನೆ ಉಳಿದಿದೆ, ಕಮಾನುಗಳಲ್ಲಿ ನಿಂತಿದ್ದವರ ಜಾಗಕ್ಕೆ ಪರದೆ ಬಂದಿದೆ. ಕಂಬದ ಮೇಲೆ ಬಂದಿದ್ದ ಅವರ ಕೈಗಳು ಮಾತ್ರ ಹಾಗೇ ಇವೆ. ಅಕ್ಕ ಅವನ್ನು ಹುಡುಕುತ್ತ ಗೋಡೆಯುದ್ದಕ್ಕೂ ಹೋದಳು, ಕಾವಲಿನವನು ಬಾಗಿಲು ಮುಚ್ಚುವ ಹೊತ್ತಾಯಿತೆಂದು ಬಂದು ಹೇಳುವವರೆಗೆ.